ಬೆಕ್ಕಣ್ಣ ಮಾತ್ರೆ ನುಂಗಿದ್ದು

ಜೂನ್ 3

ಬೋನಪ್ಪ,

ಆರು ವರ್ಷದಿಂದ ಮಾತು ಬಿಟ್ಟವನು ಈಗ ಯಾಕೆ ಕಾಗದ ಬರೆದ ಎಂದು ಮೂಗು ಮುರಿಯಬೇಡ. ಕೆಲಸ ಬಿದ್ದಿದೆ, ಬರೆಯುತ್ತಿದ್ದೇನೆ. ಇಲಿಗೆ ಬೋನೇ ಸರಿ, ವಿಷ ತಪ್ಪು ಎಂದು ಹಟ ಹಿಡಿದು ನಮ್ಮ ಇಲಿ ಹಿಡಿಯುವ ಕಂಪನಿ ಬಿಟ್ಟವನು ನೀನು. ವಿಷವೇ ಸರಿ ಎಂದು ಉಳಿದವನು ನಾನು. ಆ ಜಗಳ ಅಲ್ಲೇ ಇರಲಿ, ಎಲ್ಲಿಗೂ ಓಡಿಹೋಗುವುದಿಲ್ಲ.

ಸಂಗತಿ ಕೇಳು. ನಿವೃತ್ತಿಯಾದ ಮೇಲೂ ಯಾರಾದರೂ ಕರೆದರೆ ಗೋದಾಮುಗಳಿಗೆ ಹೋಗುತ್ತಿದ್ದೆ. ಹಾಗೆ ಹೋದಾಗ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಮಲಗಿದಲ್ಲೇ ಮಲಗಿದ್ದಕ್ಕೆ ಎಡಗಾಲು ಕುಂಬಳಕಾಯಿಯಂತೆ ಊದಿಕೊಂಡಿತು. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದು ಕಿತ್ತು ಶ್ವಾಸಕೋಶಕ್ಕೆ ಹೋದರೆ ಮುಗಿಯಿತು ಎಂದರು ಡಾಕ್ಟರು. ಮನೆಗೆ ಬಂದಾಗಿನಿಂದ ದಿನಾ ಸಂಜೆ ಸೊಸೆ ಒಂದು ಸಣ್ಣ ಮಾತ್ರೆ ಕೊಡುತ್ತಾಳೆ. ಯಾವ ಮಾತ್ರೆ ಎಂದರೆ, "ರಕ್ತ ತೆಳು ಮಾಡೋದು ಮಾವ, ಸುಮ್ನೆ ನುಂಗಿ" ಎನ್ನುತ್ತಾಳೆ. ಮಾತ್ರೆಯ ಹಾಳೆ ತೋರಿಸು ಎಂದರೆ ತೋರಿಸುವುದಿಲ್ಲ. ಕಡೆಗೆ ಕಸದ ಬುಟ್ಟಿಯಿಂದ ಖಾಲಿ ಹಾಳೆ ಎತ್ತಿಕೊಂಡು ಭೂತಗನ್ನಡಿ ಹಿಡಿದು ಓದಿದೆ. ವಾರ್ಫರಿನ್.

ಬೋನಪ್ಪ, ಈ ಹೆಸರನ್ನು ನಾನು ಎಲ್ಲಿ ಓದಿದ್ದೆ ಎಂದು ನಿನಗೆ ಹೇಳಬೇಕಾಗಿಲ್ಲ. ನಮ್ಮ ಮದ್ದಿನ ಚೀಲದ ಮೇಲೆ. ಎಷ್ಟು ಇಲಿಗಳನ್ನು ಈ ಕೈ ಅದರಿಂದಲೇ ಸಾಗಹಾಕಿತು. ತಿಂದ ದಿನ ಏನೂ ಆಗುವುದಿಲ್ಲ, ನಾಲ್ಕಾರು ದಿನ ಬಿಟ್ಟು ಒಳಗೊಳಗೇ ರಕ್ತ ಸೋರಿ ಸಾಯುತ್ತದೆ, ಯಾವ ಊಟದಿಂದ ಸತ್ತಿತು ಎಂದು ಉಳಿದ ಇಲಿಗಳಿಗೂ ಗೊತ್ತಾಗುವುದಿಲ್ಲ. ಅದೇ ಅದರ ಹೆಚ್ಚುಗಾರಿಕೆ.

ಇನ್ನೊಂದು ಮಾತು. ಹೊಸ ಜಾಗದ ಇಲಿಗೆ ಮೊದಲ ದಿನವೇ ಮದ್ದು ಇಟ್ಟರೆ ಮೂಸಿಯೂ ನೋಡುವುದಿಲ್ಲ. ಕೆಲವು ದಿನ ಬರಿಯ ಗೋಧಿ ಹಾಕಬೇಕು, ಅದೇ ತಟ್ಟೆಯಲ್ಲಿ, ಅದೇ ಹೊತ್ತಿಗೆ. ನಂಬಿಕೆ ಹುಟ್ಟಿದ ಮೇಲೆ ಮದ್ದು ಬೆರೆಸಬೇಕು. ಈ ಸೊಸೆ ಮದುವೆಯಾಗಿ ಬಂದಾಗಿನಿಂದ ನನ್ನೊಡನೆ ಆಡಿದ್ದು ಎಣಿಸುವಷ್ಟು ಮಾತು. ಈಗ ನೋಡಿದರೆ ಹೊತ್ತುಹೊತ್ತಿಗೆ ಬಿಸಿ ಊಟ, ಕಾಲಿನ ಕೆಳಗೆ ದಿಂಬು, "ಇನ್ನೊಂದು ತುತ್ತು ತಿನ್ನಿ ಮಾವ". ಅತಿ ವಿನಯ ಯಾವುದರ ಲಕ್ಷಣ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ನನ್ನ ಕೋಣೆಯ ಗೋಡೆಯಾಚೆಗೇ ಅವಳ ಅಂಗಡಿ. ಫೋಟೋಗಳಿಗೆ ಚೌಕಟ್ಟು ಹಾಕುತ್ತಾಳೆ. ಗಾಜಿನ ಹಾಳೆ ಇಡಲು ಅಲ್ಲಿ ಜಾಗ ಸಾಲದು. ನಾನು ಆಸ್ಪತ್ರೆಯಲ್ಲಿದ್ದಾಗ ಟೇಪು ಹಿಡಿದು ನನ್ನ ಕೋಣೆಯ ಉದ್ದಗಲ ಅಳೆದಳಂತೆ, ಮನೆಗೆ ಬಂದು ಗಡ್ಡ ಮಾಡುವ ಕ್ಷೌರದವನು ಕಣ್ಣಾರೆ ಕಂಡಿದ್ದಾನೆ. ಮೊನ್ನೆ ನಡೆಯುವ ಕೋಲು ಹಿಡಿದು ಅಂಗಡಿಗೆ ಇಣುಕಿದೆ. ಮೇಜಿನ ಮೇಲೆ ನನ್ನದೇ ಫೋಟೋ, ದೊಡ್ಡದು ಮಾಡಿಸಿದ್ದು. ಅರ್ಧಕ್ಕೆ ಕಾಗದ ಮುಚ್ಚಿತ್ತು, ನನ್ನ ಮುಖ ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿ ಕಪ್ಪು ಅಂಚಿನ ಚೌಕಟ್ಟು. ಬದುಕಿರುವವನ ಫೋಟೋಗೆ ಯಾರಾದರೂ ಕಪ್ಪು ಅಂಚು ಹಾಕುತ್ತಾರೆಯೇ? ಮಗನಿಗೆ ಹೇಳೋಣವೆಂದರೆ ಅವನು ಲಾರಿಯ ಮೇಲೆ, ತಿಂಗಳಲ್ಲಿ ಒಂದು ವಾರ ಮನೆಯಲ್ಲಿದ್ದರೆ ಹೆಚ್ಚು.

ಕಾವಲುಗಾರನ ನಾಯಿ ನಮ್ಮ ಮದ್ದು ತಿಂದಾಗ ಕೊಟ್ಟು ಉಳಿಸಿದೆವಲ್ಲ, ಆ ಪ್ರತಿಮದ್ದಿನ ಮಾತ್ರೆ ಬೇಕು. ಕ್ಷೌರದವನ ವಿಳಾಸಕ್ಕೆ ಕಳಿಸು. ಫೋನು ಮಾಡಬೇಡ. ಫೋನು ನನ್ನ ಮಂಚದ ಪಕ್ಕದಲ್ಲೇ ಇದೆ, ಆದರೆ ಗೋಡೆಯಾಚೆ ಪಿಸುಮಾತೂ ಕೇಳಿಸುತ್ತದೆ.

ಇನ್ನೂ ಉಸಿರಾಡುತ್ತಿರುವ
ಬೆಕ್ಕಣ್ಣ


ಜೂನ್ 14

ಬೆಕ್ಕಣ್ಣ,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಇಡೀ ಪೇಟೆಯ ಇಲಿಗಳ ಶಾಪ ನಿನಗೆ ತಟ್ಟಿತು ಎಂದು ಮಗಳಿಗೆ ಹೇಳಬೇಕೆಂದಿದ್ದೆ. ಎರಡನೇ ಸಲ ಓದಿದಾಗ ನಗು ಬರಲಿಲ್ಲ.

ಮೊದಲು ಡಾಕ್ಟರ ಚೀಟಿ ನೋಡು ಮಾರಾಯ. ಚೀಟಿಯಲ್ಲಿ ಅದೇ ಹೆಸರಿದ್ದರೆ ಅದು ಸೊಸೆಯ ಕೆಲಸವಲ್ಲ, ಡಾಕ್ಟರದ್ದು. ಮನುಷ್ಯರಿಗೂ ಅದನ್ನು ಅಳತೆ ಮಾಡಿ ಕೊಡುತ್ತಾರೆ ಎಂದು ಎಲ್ಲೋ ಕೇಳಿದ ನೆನಪು. ಹಾಗೆಂದು ನಿನ್ನನ್ನು ಹೆದರುಪುಕ್ಕಲ ಎನ್ನುವುದಿಲ್ಲ. ಮೂಗಿನಲ್ಲಿ ರಕ್ತ ಸೋರಿ ಬಿದ್ದ ಇಲಿಗಳನ್ನು ಬುಟ್ಟಿಗಟ್ಟಲೆ ಗುಡಿಸಿದವರು ನಾವು, ಆ ಹೆಸರು ಬಾಯಿಗೆ ಹಾಕಿಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ? ಆ ಕಪ್ಪು ಅಂಚಿನ ಚೌಕಟ್ಟು ನನಗೂ ಹಿಡಿಸಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ, ಹುಷಾರಾಗಿರು.

ನನ್ನ ಮಗಳು ಪಶುವೈದ್ಯರ ಬಳಿ ಕೆಲಸಕ್ಕಿದ್ದಾಳೆ. ಪಕ್ಕದ ಮನೆಯ ನಾಯಿ ಇಲಿಮದ್ದು ತಿಂದಿದೆ ಎಂದು ಅವಳಿಗೆ ಸುಳ್ಳು ಹೇಳಿ ಮಾತ್ರೆ ತರಿಸಿದೆ. ಈಗ ದಿನಾ ಸಂಜೆ, "ನಾಯಿ ಹೇಗಿದೆ ಅಪ್ಪ?" ಎಂದು ಕೇಳುತ್ತಾಳೆ. ಹುಷಾರಾಗಿದೆ, ಬೊಗಳುತ್ತಿದೆ ಎನ್ನುತ್ತೇನೆ. ನಿನ್ನ ವಿಷಯದಲ್ಲಿ ಅದು ಪೂರ್ತಿ ಸುಳ್ಳೂ ಅಲ್ಲ.

ಪೆಪ್ಪರ್‌ಮಿಂಟಿನ ಡಬ್ಬಿಯಲ್ಲಿ ಹಾಕಿ ಕಳಿಸಿದ್ದೇನೆ. ಒಂದು ಮಾತು ನೆನಪಿಡು. ವಸಡಿನಲ್ಲೋ ಮೂಗಿನಲ್ಲೋ ರಕ್ತ ಕಂಡರೆ ಮಾತ್ರ ತೆಗೆದುಕೋ, ತೆಗೆದುಕೊಂಡ ಕೂಡಲೇ ಡಾಕ್ಟರ ಬಳಿ ಓಡು. ಸುಮ್ಮನೆ ಚಪ್ಪರಿಸುವುದಕ್ಕಲ್ಲ.

ಬೋನೇ ಸರಿ ಎಂದು ಈಗಲೂ ಹೇಳುವ
ಬೋನಪ್ಪ


ಜುಲೈ 4

ಬೋನಪ್ಪ,

ಡಬ್ಬಿ ಬಂತು. ರಕ್ತ ಕಂಡ ಮೇಲೆ ತೆಗೆದುಕೋ ಎಂದಿದ್ದೀಯ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಲು ನಾನೇನು ದಡ್ಡನೇ? ಬಂದ ದಿನದಿಂದಲೇ ಶುರು ಮಾಡಿದೆ. ಸಂಜೆ ಅವಳ ಮಾತ್ರೆಯನ್ನು ಅವಳೆದುರೇ ನುಂಗುತ್ತೇನೆ. ಅವಳು ಆಚೆ ಹೋದ ಮೇಲೆ ನಿನ್ನದನ್ನು ಬಾಯಿಗೆ ಹಾಕಿಕೊಳ್ಳುತ್ತೇನೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ನಿನ್ನ ಮಾತಿಗೆ ಬೆಲೆ ಕೊಟ್ಟು ಚೀಟಿಯನ್ನೂ ನೋಡಿದೆ. ಅದರಲ್ಲಿರುವುದು ಡಾಕ್ಟರ ಕೈಬರಹ, ಇರುವೆ ಮಸಿಯಲ್ಲಿ ಬಿದ್ದು ಎದ್ದು ಓಡಿದಂತಿದೆ. ಅದರಲ್ಲಿ ಏನು ಬೇಕಾದರೂ ಓದಬಹುದು.

ಈ ಮಾತ್ರೆ ತಿನ್ನುವವರಿಗೆ ಪದೇ ಪದೇ ರಕ್ತ ಪರೀಕ್ಷೆ ಮಾಡುತ್ತಾರೆ. ರಕ್ತ ಎಷ್ಟು ತೆಳುವಾಗಿದೆ ಎಂದು ಒಂದು ಅಂಕಿ ಬರುತ್ತದೆ, ಅದು ಎರಡು ಮೂರರ ನಡುವೆ ಇರಬೇಕಂತೆ. ನನ್ನದು ಒಂದರ ಮೇಲೆಯೇ ಕುಳಿತಿದೆ, ಬಡ್ತಿ ಸಿಗದ ಗುಮಾಸ್ತನ ಹಾಗೆ. ಡಾಕ್ಟರು ಮಾತ್ರೆ ಏರಿಸಿದರು. ಮತ್ತೆ ಪರೀಕ್ಷೆ, ಮತ್ತೆ ಒಂದು. ಮತ್ತೆ ಏರಿಸಿದರು. ನಿನ್ನೆ ಕನ್ನಡಕ ತೆಗೆದಿಟ್ಟು ಸೊಸೆಯ ಕಡೆ ತಿರುಗಿದರು.

"ನೀವು ದಿನಾ ತಪ್ಪದೇ ಕೊಡ್ತಿದ್ದೀರಾ ಅಮ್ಮಾ?"

"ಕೊಡ್ತಿದ್ದೀನಿ ಡಾಕ್ಟ್ರೇ."

"ನೀವೇ ಕೊಡ್ತೀರಾ, ಬೇರೆ ಯಾರಾದ್ರೂನಾ?"

ಅವಳ ಮುಖ ಕೆಂಪಗಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು. ತಪ್ಪಿಲ್ಲದವಳು ಯಾಕೆ ಕೆಂಪಗಾಗಬೇಕು? ನಾನು ಗೋಡೆಯ ಗಡಿಯಾರ ನೋಡುತ್ತಾ ಕುಳಿತೆ. ನಿನ್ನ ಬಳಿ ಮುಚ್ಚಿಡುವುದೇನು, ಸ್ವಲ್ಪ ಖುಷಿಯೇ ಆಯಿತು.

ಕಾಲು ಸಂಜೆಯ ಹೊತ್ತಿಗೆ ಭಾರವಾಗುತ್ತದೆ, ಚಪ್ಪಲಿ ಹಿಡಿಯುವುದಿಲ್ಲ. ವಯಸ್ಸಾಯಿತಲ್ಲ.

ಇಲಿಗಿಂತ ಒಂದು ಕೈ ಮೇಲಿರುವ
ಬೆಕ್ಕಣ್ಣ


ಜುಲೈ 23

ಚಿಕ್ಕಮಾವನವರಿಗೆ ನಮಸ್ಕಾರಗಳು.

ನಾನು ನಿಮ್ಮ ಗೆಳೆಯರ ಸೊಸೆ. ನನ್ನ ಗಂಡ ನಿಮ್ಮನ್ನು ಚಿಕ್ಕಪ್ಪ ಎಂದೇ ಕರೆಯುತ್ತಾರೆ, ಆ ಲೆಕ್ಕದಲ್ಲಿ ಚಿಕ್ಕಮಾವ ಎಂದಿದ್ದೇನೆ. ಮಾವ ಕೊಟ್ಟ ಕಾಗದವನ್ನು ಕ್ಷೌರದವರು ಅಂಚೆಗೆ ಹಾಕುವುದನ್ನು ಕಂಡು ನಿಮ್ಮ ವಿಳಾಸ ಬರೆದುಕೊಂಡೆ. ಕದ್ದು ನೋಡಿದ ಹಾಗಾಯಿತು, ಕ್ಷಮಿಸಬೇಕು. ಬೇರೆ ದಾರಿ ಕಾಣಲಿಲ್ಲ.

ನಿಮ್ಮ ಮುಖ ನನಗೆ ಪರಿಚಯ. ಗೋದಾಮಿನ ಬಾಗಿಲಲ್ಲಿ ನೀವಿಬ್ಬರೂ ಒಂದೊಂದು ಬೋನು ಎತ್ತಿ ಹಿಡಿದು ನಗುತ್ತಾ ನಿಂತ ಹಳೆಯ ಫೋಟೋ ಪೆಟ್ಟಿಗೆಯಲ್ಲಿ ಸಿಕ್ಕಿತ್ತು. ದೊಡ್ಡದು ಮಾಡಿಸಿ, ನನ್ನಲ್ಲಿದ್ದ ಮರದಲ್ಲಿ ಒಳ್ಳೆಯದನ್ನು, ಕರಿಮರದ್ದನ್ನು ಆರಿಸಿ ಚೌಕಟ್ಟು ಕಟ್ಟಿದ್ದೇನೆ. ಮಾವ ಕೋಲಿಲ್ಲದೆ ನಡೆದ ದಿನ ಕೊಡೋಣವೆಂದು ಮುಚ್ಚಿಟ್ಟಿದ್ದೇನೆ. ಅವರ ಕೋಣೆಗೆ ಗೋಡೆಯುದ್ದಕ್ಕೂ ಹಿಡಿದು ನಡೆಯುವ ಕಂಬಿ ಹಾಕಿಸಬೇಕೆಂದು ಅಳತೆಯನ್ನೂ ತೆಗೆದಿದ್ದೆ. ಆ ದಿನ ಈಗ ದೂರ ಹೋಯಿತು.

ಹೋದ ವಾರ ಮಾವನ ಕಾಲು ಮತ್ತೆ ಊದಿಕೊಂಡಿತು. ಸ್ಕ್ಯಾನ್ ಮಾಡಿದರು. ಹಳೆಯ ಹೆಪ್ಪಿನ ಮೇಲೆ ಹೊಸದು ಕಟ್ಟಿದೆ, ತೊಡೆಯವರೆಗೆ ಬಂದಿದೆ. ಇಷ್ಟು ಮಾತ್ರೆ ತಿಂದವರಿಗೆ ಹೀಗಾಗಬಾರದು ಎಂದರು ಡಾಕ್ಟರು. ಮಾತ್ರೆಯನ್ನು ಇನ್ನೂ ಏರಿಸಿ ಅದರ ಜೊತೆಗೆ ಆಸ್ಪಿರಿನ್ ಸೇರಿಸಿದ್ದಾರೆ. ಎರಡು ಯಾಕೆ ಎಂದು ಕೇಳಿದೆ. "ರಕ್ತ ಹೆಪ್ಪುಗಟ್ಟೋದು ಗೋಡೆ ಕಟ್ಟಿದ ಹಾಗೆ ಅಮ್ಮಾ. ಆಸ್ಪಿರಿನ್ನು ಇಟ್ಟಿಗೆ ಒಂದಕ್ಕೊಂದು ಅಂಟದ ಹಾಗೆ ನೋಡಿಕೊಳ್ಳುತ್ತೆ, ಇನ್ನೊಂದು ಗಾರೆ ಗಟ್ಟಿಯಾಗದ ಹಾಗೆ ನೋಡಿಕೊಳ್ಳುತ್ತೆ. ಎರಡೂ ಸೇರಿದರೆ ಗೋಡೆ ಏಳಲ್ಲ. ಆದರೆ ಎಲ್ಲಾದರೂ ಗಾಯ ಆದರೆ ರಕ್ತವೂ ಬೇಗ ನಿಲ್ಲಲ್ಲ, ಅದಕ್ಕೇ ಸಾಮಾನ್ಯವಾಗಿ ನಾನು ಎರಡು ಕೊಡಲ್ಲ" ಎಂದರು. ಆಮೇಲೆ ನನ್ನನ್ನು ಒಬ್ಬಳನ್ನೇ ನಿಲ್ಲಿಸಿ, "ನಿಜ ಹೇಳಿ, ನಾನು ಯಾರಿಗೂ ಹೇಳಲ್ಲ, ಮಾತ್ರೆ ಬಿಟ್ಟಿದ್ದೀರಾ?" ಎಂದು ಕೇಳಿದರು.

ನನ್ನ ಗಂಡನೂ ಫೋನಿನಲ್ಲಿ ಅದನ್ನೇ ಕೇಳಿದರು. ಅವರು ಕೇಳಿದ ರೀತಿ ನನಗೆ ಇನ್ನೂ ಚುಚ್ಚುತ್ತಿದೆ.

ಮಾವ ನನ್ನೆದುರೇ ನುಂಗುತ್ತಾರೆ ಚಿಕ್ಕಮಾವ. ನಾನು ಎಲ್ಲಿ ತಪ್ಪುತ್ತಿದ್ದೇನೆ ಎಂದು ತಿಳಿಯುತ್ತಿಲ್ಲ. ಊಟದಲ್ಲಿ ಸೊಪ್ಪು ಹೆಚ್ಚಾದರೂ ಮಾತ್ರೆ ಹಿಡಿಯುವುದಿಲ್ಲ ಎಂದರು, ಅದನ್ನೂ ಅಳೆದು ಹಾಕುತ್ತಿದ್ದೇನೆ. ಅವರು ನನ್ನನ್ನು ನೋಡುವ ನೋಟ ಬದಲಾಗಿದೆ. ತಟ್ಟೆ ಇಟ್ಟರೆ ಮೊದಲು ಮೂಸುತ್ತಾರೆ. ಮಾತ್ರೆಯ ಹೆಸರು ಅವರಿಗೆ ಹೇಳಬೇಡ, ಅವರು ಮಾಡಿದ ಕೆಲಸಕ್ಕೆ ಆ ಹೆಸರು ಕೇಳಿದರೆ ಹೆದರುತ್ತಾರೆ ಎಂದು ನನ್ನ ಗಂಡ ಹೇಳಿದ್ದರಿಂದ ಹೇಳಿಲ್ಲ. ಅವರಿಗೆ ಏನಾದರೂ ಗೊತ್ತಾಗಿದೆಯೇ? ನಿಮಗೆ ಏನಾದರೂ ಬರೆದಿದ್ದಾರೆಯೇ?

ನಿಮ್ಮ ಮಗಳ ಸಮಾನಳಾದ
ಸೊಸೆ


ಆಗಸ್ಟ್ 1

ಬೆಕ್ಕಣ್ಣ,

ಕುಳಿತು ಓದು. ನಿನ್ನ ಸೊಸೆ ನನಗೆ ಕಾಗದ ಬರೆದಿದ್ದಾಳೆ. ನಿನ್ನ ಗುಟ್ಟನ್ನು ನಾನಿನ್ನೂ ಬಿಟ್ಟುಕೊಟ್ಟಿಲ್ಲ.

ಆ ಫೋಟೋದಲ್ಲಿ ಇರುವುದು ನೀನೊಬ್ಬನೇ ಅಲ್ಲ ಕಣೋ, ಕಾಗದದ ಅಡಿಯಲ್ಲಿ ನಾನೂ ಇದ್ದೇನೆ. ನಮ್ಮಿಬ್ಬರನ್ನೂ ಒಟ್ಟಿಗೆ ಸಾಗಹಾಕಲು ಅವಳಿಗೆ ಹುಚ್ಚೇ? ಟೇಪು ಹಿಡಿದದ್ದು ನೀನು ಹಿಡಿದು ನಡೆಯಲು ಕಂಬಿ ಹಾಕಿಸುವುದಕ್ಕೆ. ಹೆಸರು ಮುಚ್ಚಿಟ್ಟದ್ದು ನಿನ್ನ ಮಗ ಹೇಳಿದ್ದಕ್ಕೆ, ಅಪ್ಪ ಹೆದರಬಾರದೆಂದು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆ ಹಳದಿಗೆ ನಾನೂ ಸ್ವಲ್ಪ ಬಣ್ಣ ಕಲಸಿ ಕೊಟ್ಟೆ, ನಾಚಿಕೆಯಾಗುತ್ತಿದೆ.

ಮಗಳ ಬಳಿ ಸುತ್ತುಬಳಸಿ ಕೇಳಿ ತಿಳಿದುಕೊಂಡೆ. ಇಲಿಗೆ ನಾವು ಹಾಕುತ್ತಿದ್ದದ್ದು ಕೊಲ್ಲುವ ಅಳತೆ, ನಿನಗೆ ಕೊಡುವುದು ಹೆಪ್ಪು ಬೆಳೆಯದಿರುವ ಅಳತೆ. ನಾನು ಕಳಿಸಿದ ಮಾತ್ರೆ ಅದನ್ನು ಸೊನ್ನೆ ಮಾಡುತ್ತಿದೆ. ಅದಕ್ಕೇ ನಿನ್ನ ಅಂಕಿ ಒಂದರಲ್ಲೇ ಕುಳಿತದ್ದು, ಅದಕ್ಕೇ ಕಾಲು ಊದಿದ್ದು. ವಯಸ್ಸಲ್ಲ, ಮಣ್ಣೂ ಅಲ್ಲ. ನಾನು ಕಳಿಸಿದ ಪೆಪ್ಪರ್‌ಮಿಂಟು.

ಹಾಗೆಂದು ಡಬ್ಬಿಯನ್ನು ಇವತ್ತೇ ಎಸೆಯಬೇಡ. ಡಾಕ್ಟರು ಏನೂ ತಿಳಿಯದೆ ಅಳತೆ ಏರಿಸುತ್ತಾ ಹೋಗಿದ್ದಾರೆ, ಮೇಲೆ ಆಸ್ಪಿರಿನ್ ಬೇರೆ. ಈಗ ನೀನು ನನ್ನ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಅವೆರಡೂ ಕೂಡಿ ನಿನ್ನನ್ನು ಹಿಡಿಯುತ್ತವೆ. ತಿಂದರೆ ಹೆಪ್ಪು, ಬಿಟ್ಟರೆ ಸೋರಿಕೆ. ಡಾಕ್ಟರ ಬಳಿ ಹೋಗಿ ಇದ್ದದ್ದು ಇದ್ದ ಹಾಗೆ ಹೇಳು. ನೀನು ಹೇಳದಿದ್ದರೆ ನಾನು ಹೇಳುತ್ತೇನೆ. ನನಗೆ ಭಯವಾಗಿದೆ ಬೆಕ್ಕಣ್ಣ, ತಮಾಷೆ ಮಾಡುವ ಸ್ಥಿತಿಯಲ್ಲಿ ಇಲ್ಲ.

ನಿನ್ನ
ಬೋನಪ್ಪ


ಆಗಸ್ಟ್ 9

ಬೋನಪ್ಪ,

ಒಂದೇ ಒಂದು ಕಾಗದಕ್ಕೆ ಬಿದ್ದೆಯಲ್ಲ. ಚಿಕ್ಕಮಾವ ಎಂದಳು, ನೀನು ಬೆಣ್ಣೆಯ ಹಾಗೆ ಕರಗಿದೆ. ಫೋಟೋದಲ್ಲಿ ನೀನೂ ಇದ್ದೀಯ ಎಂದು ಹೇಳಿದವರು ಯಾರು? ಅವಳು. ಟೇಪು ಹಿಡಿದದ್ದು ಕಂಬಿಗೆ ಎಂದವರು ಯಾರು? ಅವಳು. ಕಳ್ಳನನ್ನೇ ಸಾಕ್ಷಿ ಕರೆದು ತೀರ್ಪು ಬರೆದ ನ್ಯಾಯಾಧೀಶ ನೀನು.

ಈಗ ಮಾತ್ರೆ ಎರಡಾಯಿತು. ಒಂದು ಮದ್ದಿಗೆ ಬಗ್ಗದ ಇಲಿಗೆ ನಾವು ಏನು ಮಾಡುತ್ತಿದ್ದೆವು? ಇನ್ನೊಂದನ್ನು ಬೆರೆಸುತ್ತಿದ್ದೆವು. ಡಾಕ್ಟರು ಕೊಟ್ಟದ್ದೇ ಇರಬಹುದು. ಡಾಕ್ಟರಿಗೆ ಹೇಳಿಕೊಟ್ಟವರು ಯಾರೆಂದು ನೀನು ಬಲ್ಲೆಯಾ? ಅವಳನ್ನು ಒಬ್ಬಳನ್ನೇ ನಿಲ್ಲಿಸಿಕೊಂಡು ಅದೇನೋ ಮಾತಾಡಿದರು, ನಾನು ಬಾಗಿಲ ಹೊರಗೆ ಗಾಲಿಕುರ್ಚಿಯಲ್ಲಿದ್ದೆ.

ನಿನ್ನೆ ಗೋಡೆಯಾಚೆ ಅವಳು ಫೋನಿನಲ್ಲಿ ಅಳುತ್ತಿದ್ದದ್ದು ಕೇಳಿಸಿತು. "ನಿಮ್ಮಪ್ಪನ ಮೇಲಾಣೆ, ಒಂದು ದಿನವೂ ತಪ್ಪಿಸಿಲ್ಲ" ಎನ್ನುತ್ತಿದ್ದಳು. ನನಗೆ ಕೇಳಿಸಲಿ ಎಂದೇ ಅತ್ತಳೋ ಏನೋ. ಅತ್ತ ಮೇಲೆ ಬಂದು ಎಂದಿನ ಹಾಗೆ ಕಾಲಿನ ಕೆಳಗೆ ದಿಂಬು ಇಟ್ಟಳು. ಕಣ್ಣು ಊದಿತ್ತು. ನಾನು ಆ ಕಡೆ ತಿರುಗಿ ಮಲಗಿದೆ. ಊಟ ಸೇರಲಿಲ್ಲ.

ಅದಿರಲಿ. ಡಬ್ಬಿ ತಳ ಕಾಣುತ್ತಿದೆ. ಬೇಗ ಕಳಿಸು. ಗೆಳೆತನ ಎಂಬುದು ಏನಾದರೂ ಉಳಿದಿದ್ದರೆ ಕಳಿಸು.

ಬೆಕ್ಕಣ್ಣ


ಆಗಸ್ಟ್ 16

ಸೊಸೆಗೆ ಆಶೀರ್ವಾದಗಳು.

ಈ ಕಾಗದ ಕೈಸೇರಿದ ಕೂಡಲೇ ಅಂಗಡಿ ಬಾಗಿಲು ಹಾಕಿ ಮಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು ತಾಯಿ. ಉಳಿದದ್ದನ್ನು ದಾರಿಯಲ್ಲಿ ಓದು.

ಎರಡು ಸಲ ಫೋನು ಮಾಡಿದೆ. ಎರಡು ಸಲವೂ ಅವನೇ ಎತ್ತಿದ, ನನ್ನ ದನಿ ಕೇಳಿ ಇಟ್ಟುಬಿಟ್ಟ. ಅಂಗಡಿಯ ನಂಬರು ನನ್ನಲ್ಲಿಲ್ಲ.

ಜೂನ್ ತಿಂಗಳಿನಿಂದ ನಿನ್ನ ಮಾವ ನಿನ್ನ ಮಾತ್ರೆಯ ಜೊತೆಗೆ ಅದರ ಪ್ರತಿಮದ್ದನ್ನೂ ತಿನ್ನುತ್ತಿದ್ದಾನೆ. ವಿಟಮಿನ್ ಕೆ ಎನ್ನುತ್ತಾರೆ, ಹಾಗೆಂದೇ ಡಾಕ್ಟರಿಗೆ ಹೇಳು. ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿದೆ. ಕಳಿಸಿದವನು ನಾನು. ನೀನು ಅವನಿಗೆ ವಿಷ ಹಾಕುತ್ತಿದ್ದೀಯ ಎಂದು ಅವನು ನಂಬಿದ್ದಾನೆ. ಕಸದಲ್ಲಿ ಮಾತ್ರೆಯ ಹೆಸರು ಓದಿದ್ದಾನೆ. ಈಗ ಆ ಡಬ್ಬಿ ಮುಗಿದಿರಬೇಕು, ನಾನು ಮತ್ತೆ ಕಳಿಸಿಲ್ಲ. ಅಂದರೆ ಇಷ್ಟು ದಿನ ಕೆಲಸ ಮಾಡದ ನಿನ್ನ ಮಾತ್ರೆಗಳು ಈಗ ಪೂರ್ತಿ ಕೆಲಸ ಮಾಡುತ್ತವೆ, ಅದೂ ಏರಿಸಿದ ಅಳತೆಯಲ್ಲಿ, ಆಸ್ಪಿರಿನ್ ಸಮೇತ. ಇವತ್ತಿನ ಮಾತ್ರೆ ಕೊಡುವ ಮೊದಲು ಡಾಕ್ಟರನ್ನು ಕೇಳು.

ನಿನ್ನ ಮೇಲೆ ಬಂದ ಮಾತೆಲ್ಲ ನಮ್ಮಿಬ್ಬರು ಮುದುಕರಿಂದ ಬಂದದ್ದು. ಅದಕ್ಕೆ ಏನು ಹೇಳಬೇಕೋ ನನಗೆ ತಿಳಿಯದು.

ಬೋನಪ್ಪ


ಆಗಸ್ಟ್ 29

ಚಿಕ್ಕಮಾವನವರಿಗೆ,

ಮಾವ ಬದುಕಿದ್ದಾರೆ. ಮೊದಲು ಅದನ್ನು ಬರೆಯುತ್ತೇನೆ.

ನಿಮ್ಮ ಕಾಗದ ಬಂದ ಬೆಳಿಗ್ಗೆಯೇ ಕ್ಷೌರದವರು ಬಂದಿದ್ದರು. ಗಲ್ಲದ ಹತ್ತಿರ ಕತ್ತಿ ಸ್ವಲ್ಪ ತಾಗಿತು, ದಿನಾ ಯಾರಿಗಾದರೂ ತಾಗುವಷ್ಟು. ಅವರು ಸ್ಫಟಿಕ ಉಜ್ಜಿದರು, ಹತ್ತಿ ಒತ್ತಿದರು, ಟವೆಲ್ ಒತ್ತಿದರು. ನಿಲ್ಲಲಿಲ್ಲ. ಟವೆಲ್ ಪೂರ್ತಿ ಕೆಂಪಗಾದಾಗ ಅವರು ಅಂಗಡಿಗೆ ಓಡಿ ಬಂದರು. "ನಾನೇನೂ ಮಾಡ್ಲಿಲ್ಲಮ್ಮಾ, ನೀವೇ ಬಂದು ನೋಡಿ" ಎಂದು ಹೊರಗೇ ನಿಂತುಬಿಟ್ಟರು. ಪಾಪ, ಅವರಿಗೂ ತಮ್ಮ ಮೇಲೆ ಮಾತು ಬರುತ್ತದೆಂಬ ಹೆದರಿಕೆ. ಅಂಚೆಯವನು ನಿಮ್ಮ ಕಾಗದ ತಂದಾಗ ನಾವು ಆಟೋ ಹತ್ತುತ್ತಿದ್ದೆವು. ಒಂದು ಕೈಯಲ್ಲಿ ಮಾವನ ಗಲ್ಲ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ನಿಮ್ಮ ಕಾಗದ ಓದಿದೆ.

ಎರಡು ಮೂರರ ನಡುವೆ ಇರಬೇಕಾದ ಅಂಕಿ ಒಂಬತ್ತು ದಾಟಿತ್ತು. ವಸಡಿನಲ್ಲೂ ರಕ್ತ ಬರುತ್ತಿತ್ತಂತೆ, ನನಗೆ ಕಾಣದ ಹಾಗೆ ಎರಡು ದಿನದಿಂದ ನುಂಗುತ್ತಿದ್ದರು. ನಿಮ್ಮ ಕಾಗದವನ್ನೇ ಡಾಕ್ಟರ ಕೈಗೆ ಕೊಟ್ಟೆ. ಅವರು ಓದಿ ಹಣೆ ಹಿಡಿದುಕೊಂಡರು. ಆಮೇಲೆ ಮಾವನಿಗೆ ಕೊಟ್ಟದ್ದು ಯಾವ ಔಷಧಿ ಗೊತ್ತೇ? ನೀವು ಕಳಿಸಿದ್ದೇ. ವಿಟಮಿನ್ ಕೆ. ಈ ಸಲ ಡಾಕ್ಟರು ಅಳೆದು, ಎದುರಿಗೆ ನಿಂತು ಕೊಟ್ಟರು, ಅಷ್ಟೇ ವ್ಯತ್ಯಾಸ.

ಈಗ ಆಸ್ಪಿರಿನ್ ನಿಲ್ಲಿಸಿದ್ದಾರೆ. ಮೊದಲಿನ ಮಾತ್ರೆ ಸರಿಯಾಗಿ ಹಿಡಿದರೆ ಅದೊಂದೇ ಸಾಕಂತೆ. ಹಳೆಯ ಸಣ್ಣ ಅಳತೆಯಿಂದ ಮತ್ತೆ ಶುರು ಮಾಡಿದ್ದಾರೆ. ಮೊದಲು ಇಲಿಮದ್ದಾಗಿದ್ದು ಆಮೇಲೆ ಮನುಷ್ಯರಿಗೂ ಔಷಧಿಯಾದ ಆ ಮಾತ್ರೆಯ ಇತಿಹಾಸವನ್ನೆಲ್ಲ ಮಾವನಿಗೆ ಡಾಕ್ಟರೇ ಬಿಡಿಸಿ ಹೇಳಿದರು. ಮಾವ ತಲೆ ತಗ್ಗಿಸಿ ಕೇಳಿದರು.

ನಾನು ನಿಮ್ಮ ಮೇಲೆ ಸಿಟ್ಟಾಗಿದ್ದೇನೆ ಚಿಕ್ಕಮಾವ. ನನ್ನನ್ನು ಒಂದು ಸಲವೂ ನೋಡದೆ, ನಾನು ವಿಷ ಹಾಕುವವಳೆಂದು ನಂಬಿದಿರಿ. ಕಡೆಯಲ್ಲಿ ಹೇಳಿದವರೂ ನೀವೇ, ಅದಕ್ಕೆ ಕಾಗದ ಬರೆಯುತ್ತಿದ್ದೇನೆ.

ಈಗ ನಾನೂ ಮಾವನನ್ನು ನಂಬುವುದಿಲ್ಲ. ಮಾತ್ರೆ ಕೊಟ್ಟು ಎದುರಿಗೇ ನಿಲ್ಲುತ್ತೇನೆ. ಟಾರ್ಚು ಹಿಡಿದು, "ಬಾಯಿ ತೆಗೀರಿ ಮಾವ, ನಾಲಿಗೆ ಎತ್ತಿ" ಎನ್ನುತ್ತೇನೆ. ಅವರು ಎತ್ತುತ್ತಾರೆ. ಅವರ ಜೇಬು, ದಿಂಬಿನ ಕೆಳಗೆ, ಹಾಸಿಗೆಯ ಸಂದು ಎಲ್ಲ ಹುಡುಕುತ್ತೇನೆ. ಹೀಗೆ ಮಾಡುವಾಗ ನನ್ನನ್ನು ಕಂಡರೆ ನನಗೇ ಆಗುವುದಿಲ್ಲ.

ನನ್ನ ಗಂಡ ಬಂದು ಹೋದರು. ಮಾವ ಅವರಿಗೆ ಹೇಳಿದ್ದು ಇಷ್ಟೇ, "ಮಾತ್ರೆ ಒಗ್ಗಲಿಲ್ಲ ಕಣೋ, ಈಗ ಸರಿಹೋಯ್ತು." ಡಬ್ಬಿಯ ಮಾತು ಎತ್ತಲಿಲ್ಲ. ಗಂಡನಿಗೆ ನಾನೇ ಹೇಳಬಹುದಿತ್ತು. ನಾನು ಹೇಳಿದರೆ ಅದು ಸೊಸೆ ಮಾವನ ಮೇಲೆ ಹೇಳಿದ ಚಾಡಿಯಾಗುತ್ತದೆ. ಹೊರಡುವಾಗ ಅವರು, "ಇನ್ಮೇಲಾದ್ರೂ ಸರಿಯಾಗಿ ನೋಡ್ಕೋ" ಎಂದು ಹೋದರು.

ಸೊಸೆ


ಸೆಪ್ಟೆಂಬರ್ 7

ಬೆಕ್ಕಣ್ಣ,

ನೀನು ನನ್ನೊಡನೆ ಮಾತು ಬಿಟ್ಟಿದ್ದೀಯ ಎಂದು ಗೊತ್ತು. ಬಿಡು, ಅಭ್ಯಾಸವಿದೆ. ನಿನ್ನ ಗುಟ್ಟನ್ನು ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಇನ್ನೂ ಒಂದು ವಾರ ಮೊದಲು ಹೇಳಲಿಲ್ಲವಲ್ಲ ಎಂಬುದಕ್ಕೆ ಇದೆ.

ಮಗಳಿಗೆ ನಾಯಿಯೇ ಇಲ್ಲ ಎಂದು ಹೇಳಿದೆ. ಅವಳು, "ಹಾಗಾದ್ರೆ ದಿನಾ ನಾನು ಯಾರ ಆರೋಗ್ಯ ಕೇಳ್ತಿದ್ದೆ ಅಪ್ಪ?" ಎಂದಳು. ಹೇಳಿದೆ. ಆಮೇಲೆ ಮೂರು ದಿನ ನನಗೆ ಕಾಫಿ ನಾನೇ ಮಾಡಿಕೊಂಡೆ. ಆದರೂ ಎದೆ ಹಗುರವಾಗಿದೆ.

ನಿನ್ನ ಮಗನಿಗೆ ನೀನೇ ಹೇಳಬೇಕು. ನಾನು ಬರೆದರೆ ಅದಕ್ಕೆ ಬೆಲೆಯಿಲ್ಲ, ಅವಳು ಹೇಳಿದರೆ ಅದಕ್ಕಿಂತ ಇಲ್ಲ. ಅವಳು ಗಂಡನ ಕಣ್ಣಿನಲ್ಲಿ ಮಾವನ ಮಾತ್ರೆ ಮರೆಯುವ ಹೆಂಗಸಾಗಿ ಉಳಿದಿದ್ದಾಳೆ. ನಿನ್ನ ರಕ್ತವನ್ನು ಡಾಕ್ಟರು ಸರಿ ಮಾಡಿದರು. ಇದನ್ನು ಯಾವ ಡಾಕ್ಟರೂ ಮಾಡಲಾರರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಕೇಳುತ್ತಾರೆ, ಇಲ್ಲಿ ಬೆಕ್ಕೇ ಕಟ್ಟಿಕೊಳ್ಳಬೇಕು.

ಬೋನಪ್ಪ


ಅಕ್ಟೋಬರ್ 2

ಬೋನಪ್ಪ,

ನಿನ್ನ ಮೇಲಿನ ಸಿಟ್ಟು ಇನ್ನೂ ಇದೆ. ಕಾಗದ ಬರೆಯದಿದ್ದರೆ ಅದನ್ನು ಯಾರ ಬಳಿ ಹೇಳಲಿ ಎಂದು ಬರೆಯುತ್ತಿದ್ದೇನೆ.

ದಿನಾ ಸಂಜೆ ನನ್ನ ಬಾಯಿಗೆ ಟಾರ್ಚು ಬಿಡುತ್ತಿದ್ದಳು. ಮೊದಮೊದಲು ಅವಮಾನವಾಗುತ್ತಿತ್ತು. ಈ ವಯಸ್ಸಿನಲ್ಲಿ ನಾಲಿಗೆ ಎತ್ತಿ ತೋರಿಸುವುದೆಂದರೇನು? ಆಮೇಲಾಮೇಲೆ ಅವಳ ಕೈ ನೋಡತೊಡಗಿದೆ. ಟಾರ್ಚು ಹಿಡಿದ ಕೈ ನಡುಗುತ್ತಿರುತ್ತದೆ. ಮಾತ್ರೆ ಬಾಯಿಯಲ್ಲಿ ಕಂಡುಬಿಟ್ಟರೆ ಏನು ಮಾಡುವುದೆಂದು ಅವಳಿಗೆ ನನಗಿಂತ ಹೆಚ್ಚು ಭಯ. ಕೊಲ್ಲಬೇಕೆಂದವರ ಕೈ ಹಾಗೆ ನಡುಗುವುದಿಲ್ಲ. ಮದ್ದು ಇಡುವಾಗ ನನ್ನ ಕೈ ಯಾವತ್ತೂ ನಡುಗಿರಲಿಲ್ಲ.

ಮೊನ್ನೆ ಮಗ ಬಂದ. ಊಟಕ್ಕೆ ಕುಳಿತಾಗ ಹೇಳಿಬಿಟ್ಟೆ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಏಣಿಯಿಂದ ಬಿದ್ದಲ್ಲಿಂದಲೇ ಶುರು ಮಾಡಿದೆ. ಮಗ, "ಅದು ಗೊತ್ತಲ್ಲಪ್ಪ" ಎಂದ. "ಗೊತ್ತಿಲ್ಲದ್ದು ಮುಂದಿದೆ, ಕೇಳು" ಎಂದೆ. ಕಸದ ಬುಟ್ಟಿ, ಡಬ್ಬಿ, ನೀನು, ಕ್ಷೌರದವನು, ಎಲ್ಲ ಹೇಳಿದೆ. ನಿನ್ನ ಹೆಂಡತಿ ಒಂದು ದಿನವೂ ತಪ್ಪಿಸಲಿಲ್ಲ, ಅವಳು ಕೊಟ್ಟದ್ದನ್ನು ಕೆಡಿಸಿದವನು ನಾನು ಎಂದೆ. ನನ್ನನ್ನು ಕೊಲ್ಲುತ್ತಾಳೆ ಎಂದುಕೊಂಡಿದ್ದೆ ಎಂದೆ. ಆ ಮಾತು ಹೊರಗೆ ಬಂದಾಗ ಎಷ್ಟು ಅಸಹ್ಯವಾಗಿ ಕೇಳಿಸಿತು ಗೊತ್ತೇ? ಇಷ್ಟು ದಿನ ತಲೆಯೊಳಗೆ ಅದು ದೊಡ್ಡ ಜಾಣತನದಂತೆ ಕೂತಿತ್ತು.

ಮಗ ಅಗಿಯುವುದನ್ನು ನಿಲ್ಲಿಸಿದ. ನನ್ನನ್ನು ನೋಡಲಿಲ್ಲ, ಅವಳನ್ನು ನೋಡಿದ.

"ನಾನು ನಿನ್ನ ಕೇಳಿದ್ದು, ಮರೆತ್ಯಾ ಅಂತ ಅಲ್ಲ," ಎಂದ. "ಬೇಕು ಅಂತ ಬಿಟ್ಯಾ ಅಂತ ಕೇಳಿದ್ದೆ."

"ಹೌದು, ಹಾಗೇ ಕೇಳಿದ್ರಿ," ಎಂದಳು.

"ನೀನು ಇದನ್ನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ರಾ?"

ಅವನು ತಟ್ಟೆ ದೂರ ಸರಿಸಿದ. ಅವಳು, "ಊಟ ಆರುತ್ತೆ, ಊಟ ಮಾಡಿ" ಎಂದು ಇಬ್ಬರಿಗೂ ಬಡಿಸಿದಳು. ಮೂವರೂ ತಟ್ಟೆ ನೋಡಿಕೊಂಡು ಉಂಡೆವು. ನನ್ನನ್ನು ಬಯ್ಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ನಿನ್ನೆ ಮಗ ಲಾರಿ ಹತ್ತಿದ. ಸಂಜೆ ಅವಳು ಎಂದಿನ ಹೊತ್ತಿಗೆ ಬಂದು ನನ್ನ ಅಂಗೈಯಲ್ಲಿ ಮಾತ್ರೆ ಹಾಕಿದಳು. ಪಕ್ಕದಲ್ಲಿ ನೀರಿನ ಲೋಟ ಇಟ್ಟಳು. ಟಾರ್ಚು ತಂದಿರಲಿಲ್ಲ. ಹಾಗೇ ತಿರುಗಿ ಅಂಗಡಿಗೆ ಹೋದಳು. ಗೋಡೆಯಾಚೆ ಗಾಜು ಕೊಯ್ಯುವ ಸದ್ದು ಶುರುವಾಯಿತು.

"ನೋಡಲ್ವೇನಮ್ಮಾ?" ಎಂದು ಕೂಗಿದೆ.

"ಇಲ್ಲ ಮಾವ, ನೀವೇ ತಗೊಳ್ಳಿ," ಎಂದಳು.

ನನ್ನನ್ನು ನಂಬಿದಳೋ, ನನ್ನಿಂದ ಸಾಕಾಗಿ ಕೈಬಿಟ್ಟಳೋ, ಆ ದನಿಯಲ್ಲಿ ಯಾವುದೂ ತಿಳಿಯಲಿಲ್ಲ. ಕಿಟಕಿ ತೆರೆದಿತ್ತು. ಎಸೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಭಯ ಹೋಗಿದೆ ಎಂದು ನಿನಗೆ ಸುಳ್ಳು ಬರೆಯಲಾರೆ. ಮಾತ್ರೆ ಬಾಯಿಗೆ ಹಾಕಿಕೊಂಡು ಲೋಟದ ನೀರೆಲ್ಲ ಕುಡಿದೆ. ಆಮೇಲೆ ಬಾಯಿ ತೆರೆದು ನಾಲಿಗೆ ಎತ್ತಿ ಸುಮಾರು ಹೊತ್ತು ಹಾಗೇ ಕುಳಿತಿದ್ದೆ. ಕೋಣೆಯಲ್ಲಿ ಯಾರೂ ಇರಲಿಲ್ಲ.

ನಿನ್ನ
ಬೆಕ್ಕಣ್ಣ